ಯಂತ್ರಕ್ಕೆ ನಲವತ್ತು ವರ್ಷ, ಅದರ ಕಾರ್ಡಿಗೆ ಹದಿನೈದು: ಹಳೇ ಕಂಟ್ರೋಲ್ ಕಾರ್ಡ್ ಬದಲಿಸೋ ಹಕ್ಕು ಯಾರ ಕೈಲಿದೆ?

ಮನೆಯ ವಾಷಿಂಗ್ ಮೆಷಿನ್ ನಿಂತುಹೋಗಿದೆ. ಮೆಕ್ಯಾನಿಕ್ ಬಂದು ಹಿಂದಿನ ಮುಚ್ಚಳ ಬಿಚ್ಚಿ ನೋಡಿ ಹೇಳ್ತಾನೆ: “ಮೋಟರ್ ಚೆನ್ನಾಗಿದೆ ಅಕ್ಕಾ, ಬೋರ್ಡ್ ಹೋಗಿದೆ. ಈ ಮಾಡೆಲ್ ಬೋರ್ಡ್ ಈಗ ಬರ್ತಿಲ್ಲ. ಹೊಸ ಮೆಷಿನ್ನೇ ತಗೊಂಡುಬಿಡಿ.” ಈ ಮಾತು ಕೇಳದ ಮನೆ ಈಗ ಕಡಿಮೆ. ನಾವೂ ಒಂದಷ್ಟು ಗೊಣಗಿ, ಕಂತಿನ ಮೇಲೆ ಹೊಸದು ತಂದು ಸುಮ್ಮನಾಗ್ತೀವಿ.

ಇದೇ ಮಾತನ್ನು ಒಂದು ಸರಕು ಹಡಗಿನ ಎಂಜಿನ್ನಿಗೆ, ಬಂದರಿನ ಕ್ರೇನಿಗೆ, ಜಲವಿದ್ಯುತ್ ಕೇಂದ್ರದ ಟರ್ಬೈನಿಗೆ ಹೇಳಿದರೆ? ಹೊಸದು ತಗೊಂಡುಬಿಡಿ ಅನ್ನೋಕಾಗಲ್ಲ. ಹಡಗು 25ರಿಂದ 30 ವರ್ಷ ಓಡಬೇಕು ಅಂತಲೇ ಕಟ್ಟಿರ್ತಾರೆ. ಟರ್ಬೈನ್ ಅದಕ್ಕಿಂತ ಹೆಚ್ಚು ಬಾಳುತ್ತೆ. ಶರಾವತಿ ವಿದ್ಯುದಾಗಾರ 1960ರ ದಶಕದ್ದು, ರಾಯಚೂರು ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರದ್ದು. ಆದರೆ ಇಂಥ ಯಂತ್ರಗಳಿಗೆ ‘ಓಡು’, ‘ನಿಲ್ಲು’, ‘ನಿಧಾನ’ ಅಂತ ಹೇಳುವ ಎಲೆಕ್ಟ್ರಾನಿಕ್ ಕಾರ್ಡಿಗೆ ಬಿಡಿಭಾಗ ಸಿಗೋದು ಹೆಚ್ಚೂಕಮ್ಮಿ ಹದಿನೈದು ವರ್ಷ. ಆಮೇಲೆ ಕಂಪನಿಯಿಂದ ಒಂದು ಪತ್ರ ಬರುತ್ತೆ: ಈ ಉತ್ಪನ್ನವನ್ನು ನಿಲ್ಲಿಸಲಾಗಿದೆ.

ಕಬ್ಬಿಣದ ಆಯುಸ್ಸಿಗೂ ಕಾರ್ಡಿನ ಆಯುಸ್ಸಿಗೂ ನಡುವೆ ಇರುವ ಈ ಅಂತರ ಬರೀ ಎಂಜಿನಿಯರುಗಳ ತಲೆನೋವಲ್ಲ. ಆ ಅಂತರದಲ್ಲಿ ಸಾರ್ವಜನಿಕ ದುಡ್ಡಿದೆ, ಕೆಲಸಗಾರರ ಜೀವವಿದೆ, ರಿಪೇರಿ ಮಾಡೋ ಹಕ್ಕಿನ ಪ್ರಶ್ನೆ ಇದೆ. ಕಾರ್ಡ್ ಅಂದರೇನು, ಅದು ಯಾಕೆ ಹಳತಾಗುತ್ತೆ, ಬದಲಿಸೋಕೆ ಎಷ್ಟು ದಾರಿ, ಕೀಲಿಕೈ ಯಾರ ಬಳಿ ಇರುತ್ತೆ ಅನ್ನೋದನ್ನ ಒಂದೊಂದಾಗಿ ನೋಡೋಣ.

ಕಂಟ್ರೋಲ್ ಕಾರ್ಡ್ ಅಂದರೇನು?

ಅಂಗೈಗಿಂತ ಸ್ವಲ್ಪ ದೊಡ್ಡದಾದ ಹಸಿರು ಹಲಗೆ. ಬಹಳ ಕಡೆ ಬಳಕೆಯಲ್ಲಿರುವ ಯೂರೋಕಾರ್ಡ್ ಅಳತೆ 100 ಮಿ.ಮೀ.ಗೆ 160 ಮಿ.ಮೀ. ಅದರ ಮೇಲೆ ಚಿಪ್ಪು, ಕೆಪ್ಯಾಸಿಟರ್, ರಿಲೇ. ಹಿಂದೆ ಸಾಲು ಸಾಲು ಪಿನ್ನು. ಕಪಾಟಿನಲ್ಲಿ ಪುಸ್ತಕ ಜೋಡಿಸಿದ ಹಾಗೆ ಇಂಥ ಹತ್ತಿಪ್ಪತ್ತು ಕಾರ್ಡುಗಳನ್ನು ಒಂದು ರ‍್ಯಾಕಿಗೆ ಸಿಕ್ಕಿಸಿರ್ತಾರೆ.

ಒಂದೊಂದಕ್ಕೆ ಒಂದೊಂದು ಕೆಲಸ. ಒಂದು ಕಾರ್ಡ್ ಸೆನ್ಸರುಗಳ ಮಾತು ಕೇಳಿಸಿಕೊಳ್ಳುತ್ತೆ: ಆಯಿಲ್ ಒತ್ತಡ ಎಷ್ಟು, ನೀರಿನ ಬಿಸಿ ಎಷ್ಟು, ಚಕ್ರದ ವೇಗ ಎಷ್ಟು. ಇನ್ನೊಂದು ಕಾರ್ಡಿನಲ್ಲಿ ಪ್ರೊಸೆಸರ್ ಮತ್ತು ಪ್ರೋಗ್ರಾಮ್ ಇರುತ್ತೆ, ಅದು ಲೆಕ್ಕ ಹಾಕುತ್ತೆ. ಮೂರನೆಯದು ಆಜ್ಞೆ ಹೊರಡಿಸುತ್ತೆ: ವಾಲ್ವ್ ತೆರೆ, ಪಂಪ್ ಶುರು ಮಾಡು, ಅಲಾರಂ ಹೊಡಿ. ನಾಲ್ಕನೆಯದು ಇವೆಲ್ಲಕ್ಕೂ ಕರೆಂಟ್ ಕೊಡುತ್ತೆ.

ಹಡಗಿನಲ್ಲಿ ಇವು ಇಲ್ಲದ ಜಾಗವೇ ಇಲ್ಲ. ಮೇಲಿನ ಬ್ರಿಡ್ಜಿನಿಂದ ಮುಖ್ಯ ಎಂಜಿನ್ ನಡೆಸುವ ವ್ಯವಸ್ಥೆ, ವೇಗ ಕಾಯುವ ಗವರ್ನರ್, ಜನರೇಟರಿನ ವೋಲ್ಟೇಜ್ ಹಿಡಿದಿಡುವ ಎವಿಆರ್, ಬಾಯ್ಲರಿನ ಬೆಂಕಿ ನೋಡಿಕೊಳ್ಳುವ ಪೆಟ್ಟಿಗೆ, ಚುಕ್ಕಾಣಿ, ಅಲಾರಂ ಎಲ್ಲದರಲ್ಲೂ ಕಾರ್ಡ್ ಇದೆ. ನೆಲದ ಮೇಲೆ ಹಾಗೇ ಕ್ರೇನಿನ ಡ್ರೈವ್, ಸಕ್ಕರೆ ಕಾರ್ಖಾನೆಯ ಸೆಂಟ್ರಿಫ್ಯೂಜ್, ಸಿಮೆಂಟ್ ಗೂಡು, ಪೀಣ್ಯದ ವರ್ಕ್‌ಶಾಪಿನ ಸಿಎನ್‌ಸಿ ಮೆಷಿನ್.

ಇಲ್ಲಿ ಒಂದು ಸಣ್ಣ ತಾಂತ್ರಿಕ ವಿಷಯ ತಿಳ್ಕೊಂಡರೆ ಮುಂದಿನ ರಾಜಕೀಯ ಸುಲಭವಾಗಿ ಅರ್ಥವಾಗುತ್ತೆ. ಸೆನ್ಸರಿನಿಂದ ಕಾರ್ಡಿಗೆ ಸುದ್ದಿ ಹೋಗೋದು ಸಾಮಾನ್ಯವಾಗಿ 4ರಿಂದ 20 ಮಿಲಿಆಂಪ್ ಕರೆಂಟಿನ ಭಾಷೆಯಲ್ಲಿ. ಒತ್ತಡ ಸೊನ್ನೆ ಇದ್ದರೂ 4 ಮಿಲಿಆಂಪ್ ಹರಿಯುತ್ತೆ, ಪೂರ್ತಿ ಇದ್ದರೆ 20. ತಂತಿ ತುಂಡಾದರೆ 0. ಹಾಗಾಗಿ ‘ಒತ್ತಡ ಇಲ್ಲ’ ಅನ್ನೋದಕ್ಕೂ ‘ತಂತಿಯೇ ಇಲ್ಲ’ ಅನ್ನೋದಕ್ಕೂ ಇರುವ ವ್ಯತ್ಯಾಸ ಕಾರ್ಡಿಗೆ ಗೊತ್ತಾಗುತ್ತೆ. ಇದು ಎಲ್ಲರಿಗೂ ತೆರೆದಿಟ್ಟ ಮಾನದಂಡ. ಆದ್ದರಿಂದಲೇ ಒಂದು ಕಂಪನಿಯ ಸೆನ್ಸರ್ ಕೆಟ್ಟರೆ ಇನ್ನೊಂದು ಕಂಪನಿಯದ್ದು ಹಾಕಬಹುದು. ಆದರೆ ಕಾರ್ಡಿಗೂ ರ‍್ಯಾಕಿಗೂ ನಡುವಿನ ಮಾತುಕತೆ, ಕಾರ್ಡಿನೊಳಗಿನ ಪ್ರೋಗ್ರಾಮ್ ಬಹುತೇಕ ಆಯಾ ಕಂಪನಿಯ ಗುಟ್ಟು. ಹಾಗಾಗಿ ಒಬ್ಬರ ಕಾರ್ಡ್ ಇನ್ನೊಬ್ಬರ ರ‍್ಯಾಕಿಗೆ ಕೂರಲ್ಲ. ನಮ್ಮ ಕಥೆಯ ಗಂಟು ಇರೋದು ಇಲ್ಲೇ.

ಕಾರ್ಡ್ ಸಾಯೋದು ಎರಡು ಥರ

ಮೊದಲನೆಯದು ದೈಹಿಕ ಸಾವು. ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರಿನ ಒಳಗಿನ ದ್ರವ ನಿಧಾನವಾಗಿ ಒಣಗುತ್ತೆ. ಬಿಸಿ 10 ಡಿಗ್ರಿ ಹೆಚ್ಚಾದರೆ ಅದರ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತೆ ಅನ್ನೋದು ಈ ಕಸುಬಿನವರ ಹಳೇ ಲೆಕ್ಕ. ಎಂಜಿನ್ ರೂಮಿನ ಸೆಕೆಯಲ್ಲಿ ಇದರ ಅರ್ಥ ಏನು ಅಂತ ಹೇಳಬೇಕಿಲ್ಲ. ಕಂಪನಕ್ಕೆ ಸೋಲ್ಡರ್ ಬಿರುಕು ಬಿಡುತ್ತೆ. ಉಪ್ಪಿನ ಗಾಳಿಗೆ ಪಿನ್ನುಗಳು ಹಸಿರುಗಟ್ಟುತ್ತವೆ. ಕೆಲವು ಹಳೇ ಕಾರ್ಡುಗಳಲ್ಲಿ ಪ್ರೋಗ್ರಾಮ್ ಉಳಿಯೋದು ಒಂದು ಪುಟ್ಟ ಬ್ಯಾಟರಿಯ ದಯೆಯಿಂದ. ಬ್ಯಾಟರಿ ಹೋದ ದಿನ ಕರೆಂಟೂ ಹೋದರೆ ನೆನಪೆಲ್ಲ ಅಳಿಸಿಹೋಗುತ್ತೆ. ಇನ್ನು ಕೆಲವದರಲ್ಲಿ ಇಪ್ರಾಮ್ ಅನ್ನೋ ಚಿಪ್ ಇರುತ್ತೆ, ಅದರ ಬೆನ್ನ ಮೇಲೆ ಗಾಜಿನ ಪುಟ್ಟ ಕಿಟಕಿ. ನೇರಳಾತೀತ ಬೆಳಕು ಬಿದ್ದರೆ ಬರೆದದ್ದು ಅಳಿಸುತ್ತೆ. ಅದಕ್ಕೇ ಮೇಲೆ ಸ್ಟಿಕ್ಕರ್ ಅಂಟಿಸಿರ್ತಾರೆ. ತಿಳಿಯದೆ ಆ ಸ್ಟಿಕ್ಕರ್ ಕಿತ್ತು ಬಿಸಿಲಿಗೆ ಇಟ್ಟರೆ ಚಿಪ್ಪಿನ ಕಥೆ ಮುಗೀತು.

ಎರಡನೆಯದು ಮಾರುಕಟ್ಟೆಯ ಸಾವು. ಕಾರ್ಡ್ ಚೆನ್ನಾಗೇ ಇದೆ, ಆದರೆ ಅದರ ಬಿಡಿಭಾಗ ಮಾಡೋರು ಇಲ್ಲ. ಝೈಲಾಗ್ ಕಂಪನಿಯ ಝಡ್80 ಪ್ರೊಸೆಸರ್ 1976ರಲ್ಲಿ ಬಂತು. ಲೆಕ್ಕವಿಲ್ಲದಷ್ಟು ಕಂಟ್ರೋಲ್ ಕಾರ್ಡುಗಳ ತಲೆಯಾಯ್ತು. 2024ರ ಏಪ್ರಿಲ್‌ನಲ್ಲಿ ಕಂಪನಿ ಬಿಡಿ ಝಡ್80 ಚಿಪ್ಪಿನ ತಯಾರಿಕೆ ನಿಲ್ಲಿಸ್ತೀವಿ, ಜೂನ್ 14ರೊಳಗೆ ಕೊನೆಯ ಆರ್ಡರ್ ಕೊಡಿ ಅಂತ ಪ್ರಕಟಿಸಿತು. 48 ವರ್ಷ ಅನ್ನೋದು ಈ ಲೋಕದಲ್ಲಿ ಅಪರೂಪದ ದೀರ್ಘಾಯುಸ್ಸು. ಸೀಮೆನ್ಸ್‌ನ ಸಿಮ್ಯಾಟಿಕ್ ಎಸ್5 ನಿಯಂತ್ರಕ 1979ರಲ್ಲಿ ಬಂದು ಜಗತ್ತಿನ ಕಾರ್ಖಾನೆಗಳನ್ನೆಲ್ಲ ತುಂಬಿತು. 1990ರ ದಶಕದ ನಡುವೆ ಎಸ್7 ಬಂದ ಮೇಲೆ ಎಸ್5 ಮೆಲ್ಲಗೆ ಅನಾಥವಾಯ್ತು.

ಕಾನೂನೂ ಇದಕ್ಕೆ ಕಾರಣವಾಗುತ್ತೆ. 2006ರ ಜುಲೈ 1ರಿಂದ ಐರೋಪ್ಯ ಒಕ್ಕೂಟ ಬಹಳಷ್ಟು ಎಲೆಕ್ಟ್ರಾನಿಕ್ ವಸ್ತುಗಳಲ್ಲಿ ಸೀಸದ ಬಳಕೆಗೆ ಕಡಿವಾಣ ಹಾಕಿತು. ಪರಿಸರಕ್ಕೆ ಒಳ್ಳೆಯ ನಿಯಮವೇ. ಆದರೆ ಬಿಡಿಭಾಗ ತಯಾರಕರು ಹೊಸ ನಿಯಮಕ್ಕೆ ಹೊಂದಿಕೊಳ್ಳುವಾಗ, ಲಾಭ ಕಡಿಮೆ ಇರೋ ಹಳೇ ಭಾಗಗಳನ್ನು ಹೊಸದಾಗಿ ವಿನ್ಯಾಸ ಮಾಡೋ ಬದಲು ಕೈಬಿಡೋದು ಸುಲಭವಾಯ್ತು.

ಬದಲಿಸೋಕೆ ಇರೋ ನಾಲ್ಕು ದಾರಿ

*ಒಂದು: ರಿಪೇರಿ.* ಕೆಪ್ಯಾಸಿಟರ್, ರಿಲೇ, ಸೋಲ್ಡರ್ ಸರಿಮಾಡಿದರೆ ಎಷ್ಟೋ ಕಾರ್ಡುಗಳು ಮತ್ತೆ ಬದುಕುತ್ತವೆ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ನೂರಿನ್ನೂರು ರೂಪಾಯಿಗೆ ಸಿಗೋ ಭಾಗದಿಂದ ಲಕ್ಷಗಟ್ಟಲೆ ಬೆಲೆಯ ಕಾರ್ಡ್ ಎದ್ದು ಕೂರಬಹುದು. ಬೇಕಿರೋದು ಸರ್ಕ್ಯೂಟ್ ನಕ್ಷೆ ಮತ್ತು ಓದಬಲ್ಲ ಕಣ್ಣು. ನಕ್ಷೆಯನ್ನು ಕಂಪನಿಗಳು ಕೊಡೋದು ಅಪರೂಪ. ಕೆಲವರು ಚಿಪ್ಪಿನ ಮೇಲಿನ ನಂಬರನ್ನೇ ಉಜ್ಜಿ ಅಳಿಸಿ ಕಳಿಸ್ತಾರೆ.

*ಎರಡು: ಅದೇ ಹಳೇ ಕಾರ್ಡನ್ನು ಎಲ್ಲಿಂದಾದರೂ ತರೋದು.* ಗುಜರಾತಿನ ಭಾವನಗರ ಜಿಲ್ಲೆಯ ಅಲಾಂಗ್ ಕಡಲತೀರದಲ್ಲಿ 1983ರಿಂದ ಹಡಗು ಒಡೆಯುವ ಕೆಲಸ ನಡೀತಿದೆ. ಉಕ್ಕು ಕರಗಿಸೋಕೆ ಹೋಗುತ್ತೆ. ಆದರೆ ಕಂಟ್ರೋಲ್ ರೂಮಿನ ರ‍್ಯಾಕುಗಳನ್ನು ಬಿಚ್ಚಿ, ಕಾರ್ಡುಗಳನ್ನು ಬೇರ್ಪಡಿಸಿ, ತೊಳೆದು, ಪರೀಕ್ಷಿಸಿ ಮಾರುವ ದೊಡ್ಡ ವ್ಯಾಪಾರ ಭಾವನಗರದಲ್ಲಿದೆ. ಅಲ್ಲಿ ಸತ್ತ ಹಡಗಿನ ಕಾರ್ಡ್, ಜಗತ್ತಿನ ಇನ್ಯಾವುದೋ ಬಂದರಿನಲ್ಲಿ ಓಡುತ್ತಿರುವ ಅದೇ ಕಾಲದ ಹಡಗಿಗೆ ಹೋಗಿ ಕೂರುತ್ತೆ. ತಯಾರಿಸಿದ ಕಂಪನಿಯೇ ‘ಇಲ್ಲ’ ಅಂದ ವಸ್ತುವನ್ನ ನಮ್ಮ ಕೆಲಸಗಾರರು ಬಿಸಿಲಲ್ಲಿ ನಿಂತು ಉಳಿಸಿಕೊಡ್ತಿದ್ದಾರೆ. ಇದು ಕಸದ ವ್ಯಾಪಾರ ಅಲ್ಲ, ಜಗತ್ತಿನ ಸಾಗಣೆಯ ಬಿಡಿಭಾಗದ ಉಗ್ರಾಣ.

ಈ ದಾರಿಯ ಅಪಾಯ ಎರಡು. ಹಳೇ ಕಾರ್ಡ್ ಇನ್ನೆಷ್ಟು ದಿನ ಬಾಳುತ್ತೆ ಅನ್ನೋದಕ್ಕೆ ಖಾತ್ರಿ ಇಲ್ಲ. ಇನ್ನೊಂದು ನಕಲಿ ಚಿಪ್ಪು. ಇ-ತ್ಯಾಜ್ಯದಿಂದ ಕಿತ್ತ ಚಿಪ್ಪನ್ನು ಉಜ್ಜಿ, ಬಣ್ಣ ಬಳಿದು, ಹೊಸ ನಂಬರ್ ಮುದ್ರಿಸಿ ‘ಹೊಸದು’ ಅಂತ ಮಾರುವ ಜಾಲ ಇದೆ. 2012ರಲ್ಲಿ ಅಮೆರಿಕದ ಸೆನೆಟ್‌ನ ಸಶಸ್ತ್ರ ಪಡೆಗಳ ಸಮಿತಿ ಸೇನೆಯ ಪೂರೈಕೆ ಸರಪಳಿಯಲ್ಲಿ ನಕಲಿ ಎಂದು ಶಂಕಿಸಲಾದ ಬಿಡಿಭಾಗಗಳ ಸುಮಾರು 1,800 ಪ್ರಕರಣ ಗುರುತಿಸಿತು. ಅವುಗಳಲ್ಲಿದ್ದ ಭಾಗಗಳು 10 ಲಕ್ಷಕ್ಕೂ ಹೆಚ್ಚು. ಅಷ್ಟು ಬಿಗಿ ಕಾವಲಿರೋ ಸೇನೆಯ ಸ್ಥಿತಿಯೇ ಹೀಗಿದ್ದರೆ ಒಂದು ಸಕ್ಕರೆ ಕಾರ್ಖಾನೆಯ ಉಗ್ರಾಣದ ಕಥೆ ಊಹಿಸಿಕೊಳ್ಳಿ.

*ಮೂರು: ಹಳೆಯದರ ಹಾಗೇ ನಟಿಸುವ ಹೊಸ ಕಾರ್ಡ್.* ಅದೇ ಅಳತೆ, ಅದೇ ಪಿನ್ನು, ಒಳಗೆ ಮಾತ್ರ ಹೊಸ ಎಲೆಕ್ಟ್ರಾನಿಕ್ಸ್. ಇದಕ್ಕೆ ಒಳ್ಳೆಯ ಉದಾಹರಣೆ ಜರ್ಮನ್ ನೌಕಾಪಡೆಯದ್ದು. ಅವರ ಎಫ್123 ದರ್ಜೆಯ ನಾಲ್ಕು ಯುದ್ಧನೌಕೆಗಳು 1990ರ ದಶಕದವು. ಎಂಜಿನ್, ವಿದ್ಯುತ್ ಉತ್ಪಾದನೆಯಂಥ ಮೂಲ ಕೆಲಸಗಳಿಗೆ ಬೇಕಾದ ಮಾಹಿತಿ ವ್ಯವಸ್ಥೆ 8 ಇಂಚಿನ ಫ್ಲಾಪಿ ಡಿಸ್ಕಿನ ಮೇಲೆ ನಿಂತಿತ್ತು. ಇಂದಿನ ಹುಡುಗರು 8 ಇಂಚಿನ ಫ್ಲಾಪಿ ನೋಡಿರೋದೇ ಅನುಮಾನ, ಅದು ಊಟದ ತಟ್ಟೆಗಿಂತ ಸ್ವಲ್ಪ ಚಿಕ್ಕದು. 2024ರಲ್ಲಿ ಗೊತ್ತಾದ ಯೋಜನೆಯ ಪ್ರಕಾರ, ಅವರು ಇಡೀ ವ್ಯವಸ್ಥೆಯನ್ನು ಕಿತ್ತು ಬಿಸಾಡ್ತಿಲ್ಲ. ಫ್ಲಾಪಿ ಡ್ರೈವಿನ ಜಾಗದಲ್ಲಿ, ಅದರಂತೆಯೇ ವರ್ತಿಸುವ ಎಮ್ಯುಲೇಟರ್ ಕೂರಿಸುವ ದಾರಿ ಹಿಡಿದರು. ಉಳಿದ ಯಂತ್ರಕ್ಕೆ ಬದಲಾವಣೆ ಆದದ್ದೇ ಗೊತ್ತಾಗಬಾರದು, ಅದು ಈ ವಿಧಾನದ ಜಾಣತನ.

*ನಾಲ್ಕು: ಪೂರ್ತಿ ಹೊಸ ವ್ಯವಸ್ಥೆ.* ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಮ್ಯೂನಿ ರೈಲುಗಳ ಸ್ವಯಂಚಾಲಿತ ನಿಯಂತ್ರಣ ಶುರುವಾದದ್ದು 1998ರಲ್ಲಿ. ದಿನಾ ಬೆಳಗ್ಗೆ ಅದನ್ನು ಎಬ್ಬಿಸೋಕೆ 5¼ ಇಂಚಿನ ಫ್ಲಾಪಿ ಬೇಕಿತ್ತು. 2024ರಲ್ಲಿ ನಗರ ಸಾರಿಗೆ ಮಂಡಳಿ ಹಿಟಾಚಿ ರೈಲ್ ಜೊತೆ 212 ಮಿಲಿಯನ್ ಡಾಲರುಗಳ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. ಪೂರ್ತಿ ಬದಲಾವಣೆ ಒಮ್ಮೊಮ್ಮೆ ಅನಿವಾರ್ಯ. ಆದರೆ ಬಿಲ್ಲು ಈ ಗಾತ್ರಕ್ಕೆ ಬೆಳೆಯುತ್ತೆ ಅನ್ನೋದು ನೆನಪಿರಲಿ.

ಯಾವ ದಾರಿ ಸರಿ ಅನ್ನೋದು ಆಯಾ ಯಂತ್ರದ ಮೇಲೆ ನಿಂತಿದೆ. ಇನ್ನು ಐದು ವರ್ಷಕ್ಕೆ ಗುಜರಿಗೆ ಹೋಗೋ ಹಡಗಿಗೆ ಕೋಟಿಗಟ್ಟಲೆ ಸುರಿಯೋದು ದಡ್ಡತನ. ಇನ್ನೂ ಮೂವತ್ತು ವರ್ಷ ತಿರುಗಬೇಕಾದ ಟರ್ಬೈನನ್ನು ಗುಜರಿ ಕಾರ್ಡಿನ ಮೇಲೆ ನಡೆಸೋದು ಅದಕ್ಕಿಂತ ದಡ್ಡತನ. ತೊಂದರೆ ಏನಂದ್ರೆ, ಈ ಲೆಕ್ಕವನ್ನು ಯಂತ್ರದ ಮಾಲೀಕ ಹಾಕೋ ಬದಲು ಮಾರಿದ ಕಂಪನಿಯೇ ಹಾಕಿಕೊಡುತ್ತೆ. ಮಾರುವವನ ಲೆಕ್ಕದಲ್ಲಿ ಉತ್ತರ ಹೆಚ್ಚಾಗಿ ನಾಲ್ಕನೇ ದಾರಿಯೇ.

ಕಾರ್ಡ್ ಬದಲಿಸುವಾಗ ಎಡವೋದು ಎಲ್ಲಿ?

ಹೊರಗಿಂದ ನೋಡೋರಿಗೆ ಇದು ಹಳೇದು ಎಳೆದು ಹೊಸದು ಸಿಕ್ಕಿಸೋ ಕೆಲಸ. ಒಳಗಿನವರಿಗೆ ಗೊತ್ತು, ಅನುಭವಿ ಎಲೆಕ್ಟ್ರಿಷಿಯನ್ ಮೊದಲು ಮೊಬೈಲ್ ತೆಗೆದು ಫೋಟೊ ಹೊಡೀತಾನೆ. ಯಾಕಂದ್ರೆ ಕಾರ್ಡಿನ ಮೇಲೆ ಜಂಪರ್ ಮತ್ತು ಡಿಪ್ ಸ್ವಿಚ್ ಅನ್ನೋ ಪುಟ್ಟ ಗುಂಡಿಗಳಿರ್ತವೆ. ನೋಡೋಕೆ ಒಂದೇ ಥರ ಇರೋ ಎರಡು ಕಾರ್ಡುಗಳಲ್ಲಿ ಅವು ಬೇರೆ ಬೇರೆ ಕಡೆ ತಿರುಗಿದ್ದರೆ, ಒಂದು 10 ವೋಲ್ಟಿನ ಸಂಕೇತ ಕಾಯುತ್ತೆ, ಇನ್ನೊಂದು 20 ಮಿಲಿಆಂಪಿನದ್ದು. ಪ್ರೋಗ್ರಾಮಿನ ಆವೃತ್ತಿ ಹೊಂದದಿದ್ದರೂ ಅದೇ ಕಥೆ. ಕರೆಂಟ್ ಇರುವಾಗಲೇ ಕಾರ್ಡ್ ಎಳೆದರೆ ಪಕ್ಕದ ಕಾರ್ಡೂ ಸುಡಬಹುದು. ಬರಿಗೈಯಲ್ಲಿ ಮುಟ್ಟಿದರೆ ಮೈಮೇಲಿನ ಸ್ಥಾಯೀ ವಿದ್ಯುತ್ತಿಗೇ ಚಿಪ್ ಸಾಯಬಹುದು, ಅದಕ್ಕೇ ಮಣಿಕಟ್ಟಿಗೆ ಅರ್ಥಿಂಗ್ ಪಟ್ಟಿ ಕಟ್ಟಿಕೊಳ್ಳೋದು.

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ: ಈ ಕಾರ್ಡ್ ಕೆಟ್ಟರೆ ಯಂತ್ರ ಏನು ಮಾಡಬೇಕು? ಬಾಯ್ಲರ್ ಆದರೆ ಬೆಂಕಿ ಆರಬೇಕು. ಆದರೆ ಚುಕ್ಕಾಣಿ ಆದರೆ ನಿಲ್ಲಬಾರದು, ಇನ್ನೊಂದು ಮೋಟರಿಗೆ ದಾಟಬೇಕು. ಹೊಸ ಕಾರ್ಡ್ ಸರಿಯಾಗಿ ಓಡೋದನ್ನ ನೋಡಿದರೆ ಸಾಲದು, ಸರಿಯಾಗಿ ಕೆಡುತ್ತಾ ಅನ್ನೋದನ್ನೂ ನೋಡಬೇಕು. ಸೆನ್ಸರ್ ತಂತಿ ಬಿಚ್ಚಿ, ಕರೆಂಟ್ ತೆಗೆದು, ಅಲಾರಂ ಬರುತ್ತಾ ಅಂತ ಪರೀಕ್ಷೆ ಮಾಡಿಯೇ ಸಹಿ ಹಾಕಬೇಕು. ಹಡಗಿನ ಸುರಕ್ಷತಾ ಸಾಧನವಾದರೆ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್, ಡಿಎನ್‌ವಿ ಥರದ ವರ್ಗೀಕರಣ ಸಂಸ್ಥೆಯ ಸರ್ವೇಯರ್ ಒಪ್ಪಬೇಕು. ಹೊಸ ಬಗೆಯ ಕಾರ್ಡಾದರೆ ಕಂಪನ, ಬಿಸಿ, ತೇವ, ಉಪ್ಪು, ವಾಲುವಿಕೆ, ವೋಲ್ಟೇಜ್ ಏರಿಳಿತದ ಪರೀಕ್ಷೆಗಳನ್ನು ದಾಟಿರಬೇಕು.

ಇಷ್ಟೆಲ್ಲ ಯಾಕೆ ಅನ್ನೋರು ಬಾಲ್ಟಿಮೋರ್ ನೆನಪಿಸಿಕೊಳ್ಳಬೇಕು. 2024ರ ಮಾರ್ಚ್ 26ರ ನಸುಕಿನಲ್ಲಿ ಸುಮಾರು 300 ಮೀಟರ್ ಉದ್ದದ ‘ಡಾಲಿ’ ಹಡಗು ಕರೆಂಟ್ ಕಳೆದುಕೊಂಡು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಗೆ ಗುದ್ದಿತು. ಸೇತುವೆಯ ಮೇಲೆ ರಸ್ತೆ ಗುಂಡಿ ಮುಚ್ಚುತ್ತಿದ್ದ ಆರು ಮಂದಿ ವಲಸೆ ಕಾರ್ಮಿಕರು ಸತ್ತರು. ಹಡಗಿನ 21 ಸಿಬ್ಬಂದಿಯಲ್ಲಿ 20 ಮಂದಿ ಭಾರತೀಯರು. ಡಾಲಿ 2015ರಲ್ಲಿ ಕಟ್ಟಿದ ಹಡಗು, ಹಳೇ ಕಾರ್ಡಿನ ಪ್ರಕರಣ ಅಲ್ಲ. ಆದರೆ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2025ರ ನವೆಂಬರ್‌ನಲ್ಲಿ ಕೊಟ್ಟ ತೀರ್ಮಾನ ಈ ಕಸುಬಿನ ಎಲ್ಲರಿಗೂ ಪಾಠ. ಒಂದು ಸಂಕೇತದ ತಂತಿಗೆ ಹೆಸರಿನ ಲೇಬಲ್ ತಪ್ಪಾದ ಜಾಗದಲ್ಲಿ ತೊಡಿಸಿದ್ದರಿಂದ ಅದು ಟರ್ಮಿನಲ್ಲಿನೊಳಗೆ ಪೂರ್ತಿ ಕೂತಿರಲಿಲ್ಲ. ಆ ತಂತಿ ಸಡಿಲವಾಗಿ ಬ್ರೇಕರ್ ತೆರೆದುಕೊಂಡಿತು, ಕರೆಂಟ್ ಹೋಯಿತು. ಮತ್ತೆ ಬಂದ ಕರೆಂಟ್ ಎರಡನೇ ಸಲ ಹೋದದ್ದಕ್ಕೆ ಕಾರಣ ಬೇರೆ: ಜನರೇಟರಿಗೆ ಇಂಧನ ಕೊಡೋಕೆ ಆ ಕೆಲಸಕ್ಕಲ್ಲದ ಪಂಪನ್ನು ಬಳಸುತ್ತಿದ್ದರು, ಅದು ಕರೆಂಟ್ ಬಂದ ಮೇಲೆ ತಾನಾಗಿ ಶುರುವಾಗುವಂಥದ್ದಲ್ಲ. ಕಾರ್ಡ್ ಬದಲಿಸುವಾಗಲೂ ನಾವು ಮಾಡೋದು ಇದೇ: ನೂರಾರು ತಂತಿ ಬಿಚ್ಚಿ ಮತ್ತೆ ಸಿಕ್ಕಿಸ್ತೀವಿ, ಒಂದು ಏರ್ಪಾಡಿನ ಜಾಗದಲ್ಲಿ ಇನ್ನೊಂದನ್ನು ತರ್ತೀವಿ.

ನಮ್ಮದೇ ರಾಜ್ಯದಲ್ಲಿ 2016ರ ಫೆಬ್ರವರಿಯಲ್ಲಿ ಶರಾವತಿ ವಿದ್ಯುದಾಗಾರದಲ್ಲಿ ಬೆಂಕಿ ಬಿದ್ದು, ಕೇಬಲ್ಲುಗಳು ಸುಟ್ಟು ಉತ್ಪಾದನೆ ನಿಂತಿತ್ತು. ಲಿಂಗನಮಕ್ಕಿಯಲ್ಲಿ ನೀರಿದ್ದರೂ, ಆ ನೀರಿಗೆ ಆಜ್ಞೆ ಮುಟ್ಟಿಸುವ ನರಮಂಡಲ ಇಲ್ಲದಿದ್ದರೆ 1,035 ಮೆಗಾವಾಟಿನ ಕೇಂದ್ರ ಬರೀ ಕಟ್ಟಡ.

ಬೀಗ ನಿಮ್ಮದು, ಕೀಲಿಕೈ ಕಂಪನಿಯದ್ದು

ಸರ್ಕಾರಿ ಸಂಸ್ಥೆಯೊಂದು ದುಡ್ಡು ಕೊಟ್ಟು ಯಂತ್ರ ಕೊಂಡಿದೆ. ಅದರ ಕಾರ್ಡಿನೊಳಗಿನ ಪ್ರೋಗ್ರಾಮಿನ ಪಾಸ್‌ವರ್ಡ್ ಕಂಪನಿಯ ಬಳಿ ಇದೆ. ಮೂಲ ಕೋಡ್, ಸರ್ಕ್ಯೂಟ್ ನಕ್ಷೆ, ಪರೀಕ್ಷೆ ಮಾಡುವ ಸಾಫ್ಟ್‌ವೇರ್ ಕೂಡ ಅಲ್ಲೇ. ಹದಿನೈದು ವರ್ಷದ ಮೇಲೆ ಕಾರ್ಡ್ ಕೆಟ್ಟಾಗ ಟೆಂಡರ್ ಕರೆದು ಏನು ಪ್ರಯೋಜನ? ಹಾಕಬಲ್ಲವರು ಒಬ್ಬರೇ. ಅವರು ಹೇಳಿದ್ದೇ ರೇಟು.

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರಲ್ಲಿ ಇದಕ್ಕೆ ಒಂದು ಬಾಗಿಲಿದೆ. ನಾವು ಆಗಾಗ ಸುದ್ದಿಯಲ್ಲಿ ಕೇಳೋದು 4(ಜಿ) ವಿನಾಯಿತಿಯ ಬಗ್ಗೆ. ಇಲ್ಲಿ ಲೆಕ್ಕಕ್ಕೆ ಬರೋದು 4(ಬಿ): ಸರಕು ಅಥವಾ ಸೇವೆ ಒಬ್ಬರಿಂದ ಮಾತ್ರ ಸಿಗುವಂತಿದ್ದರೆ, ಬೇರೆ ಪರ್ಯಾಯ ಇಲ್ಲದಿದ್ದರೆ ಟೆಂಡರ್ ಬೇಕಿಲ್ಲ. ನಿಜಕ್ಕೂ ಒಬ್ಬರೇನಾ ಅಂತ ನೋಡೋಕೆ ಮೂವರು ತಜ್ಞರ ಸಮಿತಿ ಇರಬೇಕು ಅಂತಲೂ ಕಾನೂನು ಹೇಳುತ್ತೆ. ಅದರಲ್ಲಿ ಒಬ್ಬರು ಹೊರಗಿನ ಶೈಕ್ಷಣಿಕ ಅಥವಾ ಸಂಶೋಧನಾ ಸಂಸ್ಥೆಯವರು. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳಲ್ಲೂ ‘ಒಬ್ಬನೇ ತಯಾರಕ’ ಅನ್ನೋ ಪ್ರಮಾಣಪತ್ರದ ಮೇಲೆ ಕೊಳ್ಳುವ ದಾರಿ ಇದೆ. ದಾರಿ ಇರೋದು ತಪ್ಪಲ್ಲ. ಆದರೆ ‘ಒಬ್ಬರೇ’ ಆಗಿದ್ದು ಪ್ರಕೃತಿ ನಿಯಮದಿಂದ ಅಲ್ಲ, ಮೊದಲ ದಿನದ ಖರೀದಿ ಕರಾರಿನಲ್ಲಿ ನಾವು ನಕ್ಷೆ, ಕೋಡ್ ಕೇಳದೇ ಇದ್ದದ್ದರಿಂದ. ಏಕಸ್ವಾಮ್ಯವನ್ನು ನಾವೇ ಸಹಿ ಹಾಕಿ ಹುಟ್ಟಿಸ್ತೀವಿ, ಹದಿನೈದು ವರ್ಷದ ಮೇಲೆ ಅದಕ್ಕೆ ಬಾಡಿಗೆ ಕಟ್ತೀವಿ.

ರಿಪೇರಿ ಹಕ್ಕಿನ ಚಳವಳಿ ಇದಕ್ಕೆ ಉತ್ತರವಾ? ಅರ್ಧ ಮಾತ್ರ. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಒಂದು ಸಮಿತಿ ಮಾಡಿತು, ಅದೇ ವರ್ಷ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಬಂತು. ಗುರುತಿಸಿದ ವಲಯ ನಾಲ್ಕು: ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ. ಹಡಗು, ಕಾರ್ಖಾನೆ, ವಿದ್ಯುತ್ ಕೇಂದ್ರ ಅದರಲ್ಲಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ‘ಗ್ರಾಹಕ’ರೇ ಅಲ್ಲ.

ಹಾಗಂತ ಕೈ ಪೂರ್ತಿ ಕಟ್ಟಿಹಾಕಿಲ್ಲ. ಕೃತಿಸ್ವಾಮ್ಯ ಕಾಯ್ದೆ, 1957ರ 52ನೇ ಕಲಂ ಕಾನೂನುಬದ್ಧವಾಗಿ ಪ್ರೋಗ್ರಾಮಿನ ಪ್ರತಿ ಹೊಂದಿರುವವರಿಗೆ ಕೆಲವು ಸ್ವಾತಂತ್ರ್ಯ ಕೊಡುತ್ತೆ. ನಾಶವಾಗದಂತೆ ಬ್ಯಾಕಪ್ ಪ್ರತಿ ಮಾಡಿಕೊಳ್ಳಬಹುದು. ಬೇರೆಡೆ ಸುಲಭವಾಗಿ ಸಿಗದಿದ್ದರೆ, ಇನ್ನೊಂದು ಪ್ರೋಗ್ರಾಮ್ ಜೊತೆ ಹೊಂದಿಸಿ ನಡೆಸಲು ಬೇಕಾದ ಮಾಹಿತಿಯನ್ನು ತೆಗೆಯಬಹುದು. ಅದು ಹೇಗೆ ಕೆಲಸ ಮಾಡುತ್ತೆ ಅಂತ ನೋಡಿ, ಅಧ್ಯಯನ ಮಾಡಿ, ಪರೀಕ್ಷಿಸಬಹುದು. ಅಂದರೆ ಇಪ್ರಾಮ್ ಸಾಯೋ ಮೊದಲು ಅದರಲ್ಲಿರೋದನ್ನ ಓದಿ ಎತ್ತಿಟ್ಟುಕೊಳ್ಳೋದು ಕಳ್ಳತನ ಅಲ್ಲ. ಎಷ್ಟೋ ಕಡೆ ಇದನ್ನು ಹೆದರಿಕೆಯಿಂದಲೋ ಅಸಡ್ಡೆಯಿಂದಲೋ ಮಾಡಿರಲ್ಲ.

ಜಗತ್ತಿನ ಅತಿ ದೊಡ್ಡ ಖರೀದಿದಾರನಿಗೂ ಇದೇ ನೋವು ತಟ್ಟಿದೆ. 2025ರ ಏಪ್ರಿಲ್ ಕೊನೆಯಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ಹೊರಡಿಸಿದ ಆದೇಶ, ಭೂಸೇನೆಯ ಕರಾರುಗಳಲ್ಲಿ ರಿಪೇರಿ ಹಕ್ಕನ್ನು ಸೇರಿಸಬೇಕು ಅಂತ ಹೇಳಿತು. ಬಂಡವಾಳಶಾಹಿಯ ತವರಿನ ಸೇನೆಯೇ ಕೇಳಬಹುದಾದ್ದನ್ನ ನಮ್ಮ ವಿದ್ಯುತ್ ನಿಗಮ ಕೇಳಿದರೆ ತಪ್ಪೇನು?

ಹೊಸ ಕಾರ್ಡ್, ಹೊಸ ಕಿಟಕಿ

ಹಳೇ ಕಾರ್ಡಿಗೆ ಒಂದು ಅದೃಷ್ಟ ಇತ್ತು: ಅದು ಇಂಟರ್ನೆಟ್ ಕಂಡಿರಲಿಲ್ಲ. ಹೊಸ ಕಾರ್ಡ್ ನೆಟ್‌ವರ್ಕ್ ಜೊತೆ ಬರುತ್ತೆ. ದೂರದಿಂದಲೇ ನೋಡ್ತೀವಿ, ಅಪ್‌ಡೇಟ್ ಮಾಡ್ತೀವಿ ಅನ್ನೋದು ಕಂಪನಿಯ ಮಾತು. ಅದೇ ಕಿಟಕಿಯಿಂದ ಬೇರೆಯವರೂ ಬರಬಹುದು. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ವೈರಸ್ ಗುರಿಯಿಟ್ಟದ್ದು ಸೀಮೆನ್ಸ್ ಎಸ್7 ನಿಯಂತ್ರಕಗಳಿಗೆ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯ ದಾಳಿ ಮೆರ್ಸ್ಕ್ ಹಡಗು ಕಂಪನಿಯ ಕಂಪ್ಯೂಟರುಗಳನ್ನು ಕೆಡವಿದಾಗ ಹಲವು ದೇಶಗಳ ಬಂದರು ಟರ್ಮಿನಲ್ಲುಗಳಲ್ಲಿ ಕೆಲಸ ನಿಂತಿತು. 2024ರ ಜುಲೈ 1ರಿಂದ ಕಟ್ಟಲು ಕರಾರಾದ ಹೊಸ ಹಡಗುಗಳಿಗೆ ವರ್ಗೀಕರಣ ಸಂಸ್ಥೆಗಳ ಒಕ್ಕೂಟ ಸೈಬರ್ ಭದ್ರತೆಯ ನಿಯಮ ಕಡ್ಡಾಯ ಮಾಡಿದೆ. ಹಳೇ ಹಡಗಿಗೆ ಹೊಸ ಕಾರ್ಡ್ ಹಾಕುವಾಗ ಆ ಎಚ್ಚರ ಮಾಲೀಕರೇ ವಹಿಸಬೇಕು. ನೆಟ್‌ವರ್ಕ್ ಬೇಕಿಲ್ಲದಿದ್ದರೆ ಆ ಪೋರ್ಟ್ ಮುಚ್ಚೋದೇ ಒಳ್ಳೆಯ ಭದ್ರತೆ.

ಕೈಗಳ ಮಾತು

ಕಾರ್ಡಿನ ಜೊತೆ ಇನ್ನೊಂದು ವಸ್ತುವೂ ಹಳತಾಗಿ ಮರೆಯಾಗ್ತಿದೆ: ಅದನ್ನು ಬಲ್ಲ ಕೆಲಸಗಾರ. ‘ಆರನೇ ಕಾರ್ಡ್ ಮಳೆಗಾಲದಲ್ಲಿ ಹಟ ಮಾಡುತ್ತೆ, ಎಳೆದು ಒರೆಸಿ ಹಾಕಬೇಕು’ ಅನ್ನೋದು ಯಾವ ಕೈಪಿಡಿಯಲ್ಲೂ ಇರಲ್ಲ. ಮೂವತ್ತು ವರ್ಷ ಅದರ ಮುಂದೆ ನಿಂತವರ ತಲೆಯಲ್ಲಿರುತ್ತೆ. ಅವರು ನಿವೃತ್ತರಾದ ಜಾಗಕ್ಕೆ ಹನ್ನೊಂದು ತಿಂಗಳ ಗುತ್ತಿಗೆಯ ಹುಡುಗರನ್ನು ತಂದರೆ ಆ ಜ್ಞಾನ ದಾಟೋದು ಯಾವಾಗ? ಹಡಗುಗಳಲ್ಲಿ ಈ ಕೆಲಸದ ಮಹತ್ವ ಕಂಡೇ 2010ರ ಮನಿಲಾ ತಿದ್ದುಪಡಿಗಳು ಎಲೆಕ್ಟ್ರೋ ಟೆಕ್ನಿಕಲ್ ಆಫೀಸರ್ ಅನ್ನೋ ಹುದ್ದೆಗೆ ಪ್ರತ್ಯೇಕ ಪ್ರಮಾಣಪತ್ರ ತಂದವು. ನೆಲದ ಮೇಲಿನ ಕಾರ್ಖಾನೆಗಳಲ್ಲಿ ಅಂಥ ಮಾನ್ಯತೆ ಕಮ್ಮಿ.

ಅಲಾಂಗ್‌ನಲ್ಲಿ ಕಾರ್ಡ್ ಕೀಳುವ ಕೈಗಳೂ ಈ ಸರಪಳಿಯ ಭಾಗ. ಸುರಕ್ಷಿತ ಹಡಗು ಮರುಬಳಕೆಯ ಹಾಂಗ್‌ಕಾಂಗ್ ಒಪ್ಪಂದ 2025ರ ಜೂನ್ 26ರಿಂದ ಜಾರಿಗೆ ಬಂದಿದೆ. ಹಡಗಿನಲ್ಲಿ ಯಾವ ಅಪಾಯಕಾರಿ ವಸ್ತು ಎಲ್ಲಿದೆ ಅನ್ನೋ ಪಟ್ಟಿ ಈಗ ಕಡ್ಡಾಯ. ಆ ಪಟ್ಟಿ ಕಾಗದದಲ್ಲಿ ಉಳಿಯುತ್ತಾ, ಕೆಲಸಗಾರರ ಕೈಗವಸಾಗಿ ಬರುತ್ತಾ ಅನ್ನೋದು ಕಾರ್ಮಿಕ ಸಂಘಟನೆಗಳು ಕೇಳಬೇಕಾದ ಪ್ರಶ್ನೆ.

ನಮ್ಮಲ್ಲಿ ಸಾಮರ್ಥ್ಯ ಇಲ್ಲ ಅನ್ನೋ ಹಾಗಿಲ್ಲ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಬಿಎಚ್‌ಇಎಲ್‌ನ ಎಲೆಕ್ಟ್ರಾನಿಕ್ಸ್ ವಿಭಾಗ ವಿದ್ಯುತ್ ಕೇಂದ್ರಗಳ ನಿಯಂತ್ರಣ ವ್ಯವಸ್ಥೆಗಳನ್ನೇ ತಯಾರಿಸುತ್ತೆ. ಪಾಲಿಟೆಕ್ನಿಕ್ಕುಗಳಿವೆ, ಐಟಿಐಗಳಿವೆ, ಪೀಣ್ಯದಲ್ಲಿ ಸರ್ಕ್ಯೂಟ್ ಬೋರ್ಡ್ ಮಾಡೋ ಘಟಕಗಳಿವೆ. ಇಲ್ಲದಿರೋದು ನಕ್ಷೆ ಮತ್ತು ಅನುಮತಿ.

ನೀವು ಕೇಳಬಹುದಾದ ಪ್ರಶ್ನೆಗಳು

ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ನಿಮ್ಮ ಊರಿನ ಸರ್ಕಾರಿ ನೀರು ಸರಬರಾಜು ಘಟಕ, ವಿದ್ಯುತ್ ಕೇಂದ್ರ, ಬಂದರಿಗೆ ಈ ಪ್ರಶ್ನೆ ಹಾಕಬಹುದು. ಸಾಮಾನ್ಯವಾಗಿ 30 ದಿನದಲ್ಲಿ ಉತ್ತರ ಬರಬೇಕು.

- ತಯಾರಕರು ಉತ್ಪಾದನೆ ನಿಲ್ಲಿಸಿದ ಎಷ್ಟು ಕಂಟ್ರೋಲ್ ಕಾರ್ಡುಗಳು ಇನ್ನೂ ಬಳಕೆಯಲ್ಲಿವೆ? ಪ್ರತಿಯೊಂದಕ್ಕೂ ಎಷ್ಟು ಬದಲಿ ದಾಸ್ತಾನು ಇದೆ?
- ಕಾರ್ಡುಗಳ ಪ್ರೋಗ್ರಾಮಿನ ಬ್ಯಾಕಪ್ ಇದೆಯಾ? ಕೊನೆಯ ಬಾರಿ ತೆಗೆದದ್ದು ಯಾವಾಗ? ಪಾಸ್‌ವರ್ಡ್ ಸಂಸ್ಥೆಯ ಬಳಿ ಇದೆಯಾ?
- ಕಳೆದ ಐದು ವರ್ಷದಲ್ಲಿ 4(ಬಿ) ಅಡಿ ‘ಒಬ್ಬರೇ ಪೂರೈಕೆದಾರ’ ಅಂತ ಎಷ್ಟು ಖರೀದಿ ಆಗಿದೆ? ತಜ್ಞರ ಸಮಿತಿಯ ವರದಿ ಎಲ್ಲಿ?
- ಪೂರ್ತಿ ವ್ಯವಸ್ಥೆ ಬದಲಿಸುವ ಮುನ್ನ ರಿಪೇರಿ ಮತ್ತು ಎಮ್ಯುಲೇಟರ್ ದಾರಿಯ ಖರ್ಚನ್ನು ಹೋಲಿಸಿ ನೋಡಿದ್ದಾರಾ?
- ಹೊಸ ಕರಾರಿನಲ್ಲಿ ಸರ್ಕ್ಯೂಟ್ ನಕ್ಷೆ, ಪ್ರೋಗ್ರಾಮ್, ಪರೀಕ್ಷಾ ಸಾಫ್ಟ್‌ವೇರ್ ಕೊಡಬೇಕು ಅನ್ನೋ ಷರತ್ತಿದೆಯಾ? ಕಂಪನಿ ಮುಚ್ಚಿದರೆ ಅಥವಾ ಉತ್ಪಾದನೆ ನಿಲ್ಲಿಸಿದರೆ ಮೂಲ ಕೋಡ್ ಯಾರಿಗೆ ಸಿಗುತ್ತೆ?

‘ವಾಣಿಜ್ಯ ಗೌಪ್ಯತೆ’ ಅಂತ ಉತ್ತರ ಬರಬಹುದು. ಕಾಯ್ದೆಯ 8(1)(ಡಿ) ಅಂಥ ವಿನಾಯಿತಿ ಕೊಡುತ್ತೆ, ಆದರೆ ಹೆಚ್ಚಿನ ಸಾರ್ವಜನಿಕ ಹಿತ ಇದ್ದರೆ ಮಾಹಿತಿ ಕೊಡಬೇಕು ಅಂತಲೂ ಅದೇ ಕಲಂ ಹೇಳುತ್ತೆ. ನಾವು ಕೇಳ್ತಿರೋದು ಕಂಪನಿಯ ಗುಟ್ಟನ್ನಲ್ಲ, ನಮ್ಮ ಸಂಸ್ಥೆಯ ಸಿದ್ಧತೆಯನ್ನ.

ಕಾರ್ಡ್ ಕೆಟ್ಟ ದಿನ ಈ ಪ್ರಶ್ನೆ ಕೇಳಿದರೆ ಪ್ರಯೋಜನವಿಲ್ಲ, ಆ ದಿನ ಹೇಳಿದ ಬೆಲೆಗೆ ಸಹಿ ಹಾಕೋದೊಂದೇ ಉಳಿದಿರುತ್ತೆ. ಕೇಳಬೇಕಾದ್ದು ಯಂತ್ರ ಚೆನ್ನಾಗಿ ಓಡ್ತಿರುವಾಗ, ಅದಕ್ಕಿಂತ ಮೊದಲು ಖರೀದಿಯ ಕರಾರು ಬರೆಯುವಾಗ. ಮುಂದಿನ ಸಲ ನಿಮ್ಮ ಜಿಲ್ಲೆಯಲ್ಲಿ ‘ನಿಯಂತ್ರಣ ವ್ಯವಸ್ಥೆಯ ಆಧುನೀಕರಣ’ ಅನ್ನೋ ಕೋಟಿಗಟ್ಟಲೆಯ ಟೆಂಡರ್ ಕಂಡರೆ, ಮೊತ್ತ ಓದಿ ಮುಂದೆ ಹೋಗಬೇಡಿ. ನಕ್ಷೆ ಮತ್ತು ಕೋಡ್ ಕೊನೆಗೆ ಯಾರ ಬಳಿ ಉಳಿಯುತ್ತೆ ಅನ್ನೋ ಪುಟ ಹುಡುಕಿ.